ಮೂರನೇ ಬಹುಮಾನದ ಎತ್ತುಗಳು

ಮೂವತ್ತು ವರ್ಷ ಚಿಪ್ಪುಮೀನು ಹಿಡಿಯುವ ಹಡಗಿನಲ್ಲಿ ಅಡುಗೆಯವನಾಗಿದ್ದು, ನೆಲವೇ ಗೋಡೆಯಾಗುವಂಥ ಅಲೆಗಳ ನಡುವೆ ಕುದಿಯುವ ಸೂಪಿನ ಪಾತ್ರೆ ಹಿಡಿದುಕೊಂಡು ಒಮ್ಮೆಯೂ ಬೀಳದ ಎಲ್ಡನ್ ವೆಂಟ್ಸೆಲ್, ನಿವೃತ್ತನಾದ ಮೇಲೆ ಕಸದ ಚೀಲ ಹೊರಗಿಡಲು ಹೋಗಿ ತನ್ನದೇ ಮನೆಯ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಬೀಳುವಾಗಲೂ ಕಸದ ಚೀಲವನ್ನು ಮಾತ್ರ ನೆಟ್ಟಗೆ ಹಿಡಿದಿದ್ದೆ, ಒಂದು ತೊಟ್ಟೂ ಚೆಲ್ಲಲಿಲ್ಲ ಎಂದು ಆಸ್ಪತ್ರೆಯಲ್ಲಿ ಬಂದವರಿಗೆಲ್ಲ ಹೇಳಿಕೊಂಡ. ಹೇಳಿಕೊಳ್ಳಲು ಬೇರೇನೂ ಇರಲಿಲ್ಲ.

ಲಹೇವ್ ನದಿ ಸಮುದ್ರ ಸೇರುವ ಕಡೆ, ರಸ್ತೆಗೆ ಅಂಟಿಕೊಂಡ ಬಿಳಿ ಮರದ ಮನೆ ಅವನದು. ನೋವಾ ಸ್ಕೋಶಿಯಾದ ಆ ತೀರದಲ್ಲಿ ಚಳಿಗಾಲವೆಂದರೆ ಅವಸರವಿಲ್ಲದ ನೆಂಟ. ಬಂದರೆ ಏಪ್ರಿಲ್‌ವರೆಗೆ ಹೊರಡುವ ಮಾತೇ ಇಲ್ಲ. ಊರುಗೋಲು ಹಿಡಿದು ಮನೆಗೆ ಬಂದ ಎಲ್ಡನ್ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಹೆಂಡತಿಗೆ ಅಡುಗೆ ಹೇಳಿಕೊಡತೊಡಗಿದ. ಆ ಮೂವತ್ತು ವರ್ಷವೂ ಅವನಿಲ್ಲದೆಯೇ ಆ ಒಲೆಯನ್ನು ಆಳಿದ್ದ ಅರ್ಡಿತ್, ಹುಳಿ ಎಲೆಕೋಸಿಗೆ ಉಪ್ಪು ಹೆಚ್ಚಾಯಿತು ಎಂಬುದನ್ನು ಸಹಿಸಿಕೊಂಡಳು. ಈರುಳ್ಳಿ ಹೆಚ್ಚುವ ರೀತಿ ಸರಿಯಿಲ್ಲ ಎಂಬುದನ್ನೂ ಸಹಿಸಿಕೊಂಡಳು. ಮಸಾಲೆ ಡಬ್ಬಿಗಳನ್ನೆಲ್ಲ ಅವನು ಹಡಗಿನ ಕ್ರಮದಲ್ಲಿ ಜೋಡಿಸಿಟ್ಟ ದಿನ ಮಾತ್ರ ಅವಳ ತಾಳ್ಮೆ ಮುಗಿಯಿತು.

"ಏಳು. ಕೋಟು ಹಾಕ್ಕೋ," ಎಂದಳು.

"ಎಲ್ಲಿಗೆ?"

"ಚರ್ಚ್ ಹಾಲ್‌ಗೆ. ಇವತ್ತು ಗುರುವಾರ. ನಾನು ಮ್ಯಾಟ್ ಮಾಡೋಕೆ ಹೋಗ್ಬೇಕು. ನಿನ್ನ ಇಲ್ಲಿ ಬಿಟ್ಟು ಹೋದ್ರೆ ವಾಪಸ್ ಬರೋಷ್ಟರಲ್ಲಿ ಒಲೆನೇ ಹಿಂದುಮುಂದು ಮಾಡಿರ್ತೀಯ."

"ಅಲ್ಲಿ ಇರೋರೆಲ್ಲ ಹೆಂಗಸ್ರು ಕಣೇ!"

"ಅದಕ್ಕೇ ಕರ್ಕೊಂಡು ಹೋಗ್ತಿರೋದು. ನನಗೊಬ್ಬಳಿಗೆ ನಿನ್ನ ತಡೆಯೋಕೆ ಆಗಲ್ಲ."

ಹಾಲಿನಲ್ಲಿ ಹತ್ತು ಹನ್ನೆರಡು ಮಂದಿ ಹೆಂಗಸರು ಮರದ ಚೌಕಟ್ಟುಗಳನ್ನು ಮಡಿಲ ಮೇಲಿಟ್ಟುಕೊಂಡು ಕೂತಿದ್ದರು. ಚೌಕಟ್ಟಿಗೆ ಬಿಗಿದ ಗೋಣಿಬಟ್ಟೆ; ಅದರಡಿ ಎಡಗೈಯಲ್ಲಿ ಉಣ್ಣೆ ಬಟ್ಟೆಯ ಅಗಲ ಪಟ್ಟಿ; ಬಲಗೈಯಲ್ಲಿ ಮರದ ಹಿಡಿಯ ಪುಟ್ಟ ಕೊಕ್ಕೆ. ಮೇಲಿಂದ ಕೊಕ್ಕೆ ಚುಚ್ಚಿ, ಕೆಳಗಿನ ಪಟ್ಟಿಯನ್ನು ಒಂದು ಕುಣಿಕೆಯಷ್ಟು ಮೇಲೆಳೆಯುವುದು, ಪಕ್ಕದಲ್ಲಿ ಮತ್ತೆ ಚುಚ್ಚುವುದು. ಅಷ್ಟೇ ಕೆಲಸ. ಸಾವಿರಾರು ಕುಣಿಕೆ ಸೇರಿದರೆ ಒಂದು ನೆಲಹಾಸು. ನಡುವೆ ಚಹಾ, ಶುಂಠಿ ಬಿಸ್ಕತ್ತು, ಊರವರೆಲ್ಲರ ವಿಚಾರಣೆ.

ಆ ಗುಂಪಿಗೆ ಮಿಸೆಸ್ ನಿಕಲ್ ಯಜಮಾನಿ. ವಯಸ್ಸು ಎಂಬತ್ತು ದಾಟಿತ್ತು. ಊರಿನ ಅರ್ಧ ಜನಕ್ಕೆ ಒಂದನೇ ತರಗತಿಯಲ್ಲಿ ಅಕ್ಷರ ಕಲಿಸಿದವರು. ಎಲ್ಡನ್ ಕೂಡ ಆ ಅರ್ಧದಲ್ಲಿದ್ದ. ಅವನನ್ನು ಬಾಗಿಲಲ್ಲಿ ಕಂಡು ಕನ್ನಡಕ ಮೂಗಿನ ತುದಿಗೆ ಜಾರಿಸಿದರು.

"ಎಲ್ಡನ್ ವೆಂಟ್ಸೆಲ್. ಬಾ. ನಿನಗೆ ಚಿತ್ರ ಬರೆಯೋಕೆ ಈಗಲಾದ್ರೂ ಬರುತ್ತಾ?"

"ಇಲ್ಲ ಮಿಸೆಸ್ ನಿಕಲ್."

"ಒಂದನೇ ಕ್ಲಾಸಲ್ಲಿ ನೀನೊಂದು ಕುದುರೆ ಬರೆದಿದ್ದೆ. ನಾನು ಮೇಜು ಅಂದ್ಕೊಂಡು ಮಾರ್ಕ್ಸ್ ಕೊಟ್ಟೆ."

ಹಾಲಿಗೆ ಹಾಲೇ ನಕ್ಕಿತು. ಎಲ್ಡನ್‌ಗೂ ನಗು ಬಂತು, ಏಕೆಂದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮಿಸೆಸ್ ನಿಕಲ್ ಅವನ ಕೈಗೊಂದು ಕೊಕ್ಕೆ ಕೊಟ್ಟರು. "ಯೋಚನೆ ಮಾಡಬೇಡ. ನಾವು ಮಾಡೋದು ಹಳೇ ಕಾಲದ ಒರಟು ಮ್ಯಾಟು. ಪೇಟೆಯೋರು ಅದಕ್ಕೆ ಪ್ರಿಮಿಟಿವ್ ಅಂತ ದೊಡ್ಡ ಹೆಸರಿಟ್ಟಿದ್ದಾರೆ. ಬೆಕ್ಕು ಮನೆಗಿಂತ ದೊಡ್ಡದಿದ್ರೂ ನಡೆಯುತ್ತೆ, ಹೂವಿಗೆ ಕಾಂಡ ಇಲ್ಲದಿದ್ರೂ ನಡೆಯುತ್ತೆ. ಇದರಲ್ಲಿ ತಪ್ಪು ಅನ್ನೋದೇ ಇಲ್ಲ. ನಿನ್ನಂಥೋರಿಗೆ ಅಂತಲೇ ಇರೋದು."

ತಪ್ಪೇ ಇಲ್ಲದ ವಿದ್ಯೆಯಲ್ಲೂ ತಪ್ಪು ಮಾಡಬಹುದೆಂದು ಎಲ್ಡನ್ ಮಾರ್ಚ್ ಮುಗಿಯುವುದರೊಳಗೆ ತೋರಿಸಿಕೊಟ್ಟ. ಮೊದಲ ಹಾಸಿನಲ್ಲಿ ತಾನು ದುಡಿದ ಹಡಗನ್ನು ಮೂಡಿಸಿದ. ನೀಲಿ ನೀರು, ಕಪ್ಪು ಒಡಲು, ಮೇಲೊಂದು ಹೊಗೆಗೊಳವೆ. ಮುಗಿದ ದಿನ ಎಲ್ಲರೆದುರು ಎತ್ತಿ ಹಿಡಿದು ಎದೆಯುಬ್ಬಿಸಿ ನಿಂತ.

"ಒಳ್ಳೇ ಬೂಟು," ಎಂದಳು ಒಬ್ಬಳು.

"ಎಡಗಾಲಿಂದಾ, ಬಲಗಾಲಿಂದಾ?" ಎಂದಳು ಇನ್ನೊಬ್ಬಳು.

ಎಲ್ಡನ್ ಹಾಸನ್ನು ತನ್ನ ಕಡೆ ತಿರುಗಿಸಿ ನೋಡಿದ. ಬೂಟೇ. ಅದೂ ಕೆಸರಲ್ಲಿ ಹೂತ ಬೂಟು. "ಬಲಗಾಲಿಂದು," ಎಂದು ಹೇಳಿ ಕೂತ.

ಆದರೆ ಅವನಿಗೆ ಹುಚ್ಚು ಹಿಡಿದಾಗಿತ್ತು. ಹಳೆ ಬಟ್ಟೆ ಅಂಗಡಿಯ ತೊಟ್ಟಿಗಳಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ, ಊರುಗೋಲಿಂದ ಬಟ್ಟೆ ಕೆದಕಿ, ಉಣ್ಣೆಯ ಕೋಟು, ಲಂಗ, ಕಂಬಳಿ ಏನು ಸಿಕ್ಕಿದರೂ ಹೊತ್ತು ತರುತ್ತಿದ್ದ. ಬಿಸಿನೀರಿನಲ್ಲಿ ಒಗೆದು ದಪ್ಪಗೆ ಮಾಡಿ, ಹೊಲಿಗೆ ಬಿಚ್ಚಿ, ಪಟ್ಟಿ ಪಟ್ಟಿಯಾಗಿ ಹರಿಯುತ್ತಿದ್ದ. ಉಣ್ಣೆ ಕಂಡರೆ ಕೈ ತಾನಾಗಿ ಹೋಗುವ ಸ್ಥಿತಿ ಬಂತು. ಒಂದು ಭಾನುವಾರ ಚರ್ಚ್‌ನಲ್ಲಿ ಪಾದ್ರಿ ಕ್ಷಮೆಯ ಬಗ್ಗೆ ಹೇಳುತ್ತಿದ್ದಾಗ, ಮುಂದಿನ ಸಾಲಿನ ಹೆಂಗಸಿನ ಹಸಿರು ಕೋಟಿನ ಅಂಚನ್ನು ಎಲ್ಡನ್ ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡುತ್ತಿದ್ದ.

"ಎಲ್ಡನ್," ಎಂದಳು ಅರ್ಡಿತ್, ತುಟಿ ಅಲ್ಲಾಡಿಸದೆ. "ಆಯಮ್ಮ ಇನ್ನೂ ಕೋಟಿನೊಳಗೇ ಇದ್ದಾಳೆ."

ಒಂದು ವಿಷಯದಲ್ಲಿ ಮಾತ್ರ ಅವನ ಕೈ ಪಳಗಿತ್ತು. ಉಣ್ಣೆ ಬಟ್ಟೆಗೆ ಬಣ್ಣ ಹಾಕುವುದೆಂದರೆ ಕೊನೆಗೂ ಅಡುಗೆಯೇ. ಈರುಳ್ಳಿ ಸಿಪ್ಪೆ ಕುದಿಸಿದರೆ ಚಿನ್ನದ ಬಣ್ಣ, ಚಹಾ ಕುದಿಸಿದರೆ ಹಳತಾದ ಬಣ್ಣ, ತುಕ್ಕು ಹಿಡಿದ ಮೊಳೆ ಹಾಕಿದರೆ ಎಲ್ಲವೂ ಮಬ್ಬು. ಹಬೆಯ ಮೇಲೆ ಬಾಗಿ, ಸೌಟಿನಿಂದ ಬಟ್ಟೆ ಎತ್ತಿ ನೋಡುವಾಗ ಅವನು ಮತ್ತೆ ಹಡಗಿನ ಅಡುಗೆಯವನಾಗುತ್ತಿದ್ದ. ಒಮ್ಮೆ ಮರೆತು ರುಚಿಯನ್ನೂ ನೋಡಿಬಿಟ್ಟ. ಆ ಪಾತ್ರೆ ಅರ್ಡಿತ್‌ಳ ಎಲೆಕೋಸಿನ ಪಾತ್ರೆ ಎಂಬುದು ಮುಂದಿನ ಭಾನುವಾರ ಆಲೂಗಡ್ಡೆಗಳು ಕಂದು ಬಣ್ಣದಲ್ಲಿ ಮೇಜಿಗೆ ಬಂದಾಗ ಹೊರಬಿತ್ತು. ಅಂದಿನಿಂದ ಅವನ ಪಾತ್ರೆಗಳು ಬೇರೆ, ಅವನ ಒಲೆ ಹಿತ್ತಿಲ ಶೆಡ್ಡಿನಲ್ಲಿ.

ರಸ್ತೆಯಾಚೆ ಲಾರ್ನ್ ಕಾರ್ಕಮ್‌ನ ಮನೆ. ಲಾರ್ನ್ ಮದುವೆಯಾಗದ ಮನುಷ್ಯ. ಮಾತನ್ನು ಪಿಂಚಣಿಯ ಹಾಗೆ ಅಳೆದು ಖರ್ಚು ಮಾಡುವವನು. ಅವನ ಬಳಿ ಬ್ರೈಟ್ ಮತ್ತು ಲಯನ್ ಎಂಬ ಜೋಡಿ ಎತ್ತುಗಳಿದ್ದವು. ಬೇಸಿಗೆಯಲ್ಲಿ ನಡೆಯುವ ಕೃಷಿ ಮತ್ತು ಕೈಕೆಲಸದ ಪ್ರದರ್ಶನದಲ್ಲಿ ಭಾರ ಎಳೆಯುವ ಸ್ಪರ್ಧೆಗೆ ಪ್ರತಿ ವರ್ಷ ಇಳಿಯುತ್ತಿದ್ದವು. ಕೊಂಬಿಗೆ ಕಟ್ಟಿದ ನೊಗ, ಹಿತ್ತಾಳೆಯ ಗುಂಡಿ ಹೊಡೆದ ಚರ್ಮದ ಹಣೆಪಟ್ಟಿ, ಕೊರಳಿಗೆ ಗಂಟೆ. ಕರುಗಳಾಗಿದ್ದಾಗಿಂದ ಒಂದೇ ನೊಗದಡಿ ಬೆಳೆದವು. ಎಲ್ಡನ್ ಕಾಲು ಎಳೆದುಕೊಂಡು ಓಡಾಡತೊಡಗಿದ ವಸಂತದಲ್ಲಿ ಒಂದು ಬೆಳಿಗ್ಗೆ ಬ್ರೈಟ್ ಕೊಟ್ಟಿಗೆಯಲ್ಲಿ ಮಲಗಿದ್ದು ಏಳಲಿಲ್ಲ. ಲಾರ್ನ್ ಯಾರಿಗೂ ಏನೂ ಹೇಳಲಿಲ್ಲ. ಲಯನ್‌ನ ಒಂಟಿ ಕೂಗು ನದಿಯ ಆಚೆ ದಡದವರೆಗೂ ಕೇಳುತ್ತಿತ್ತು, ಊರಿಗೆ ಅದೇ ತಿಳಿಸಿತು.

ಎಲ್ಡನ್ ಮಾತಾಡಿಸಲು ಹೋದ. ಇಬ್ಬರೂ ಕೊಟ್ಟಿಗೆಯ ಬಾಗಿಲಲ್ಲಿ ನಿಂತರು.

"ಒಳ್ಳೇ ಎತ್ತು," ಎಂದ ಎಲ್ಡನ್.

"ಹೂಂ," ಎಂದ ಲಾರ್ನ್.

ಮಾತು ಮುಗಿಯಿತು. ಹಿಂದಿರುಗುವಾಗ ಕಂಬಕ್ಕೆ ನೇತುಹಾಕಿದ್ದ, ಮೈ ಉಜ್ಜುವ ಬಾಚಣಿಗೆಯಲ್ಲಿ ಬ್ರೈಟ್‌ನ ಕೂದಲಿನ ಸಣ್ಣ ಉಂಡೆ ಸಿಕ್ಕಿಕೊಂಡಿರುವುದು ಎಲ್ಡನ್‌ನ ಕಣ್ಣಿಗೆ ಬಿತ್ತು. ಲಾರ್ನ್ ಆ ಕಡೆ ತಿರುಗಿದಾಗ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಅರವತ್ತೇಳರ ವಯಸ್ಸಿನಲ್ಲಿ ಎತ್ತಿನ ಕೂದಲು ಕದಿಯುವ ಮಟ್ಟಕ್ಕೆ ಇಳಿದೆನಲ್ಲ ಎಂದು ರಸ್ತೆ ದಾಟುವಾಗ ತನ್ನನ್ನೇ ಬೈದುಕೊಂಡ.

ಆ ಜೋಡಿಯ ಹಾಸೊಂದನ್ನು ಲಾರ್ನ್‌ಗೆ ಮಾಡಿಕೊಡಬೇಕೆಂದಿದ್ದ, ಆದರೆ ಆ ಬಣ್ಣ ಅವನನ್ನು ಸತಾಯಿಸಿತು. ಬ್ರೈಟ್ ಬರಿಯ ಕೆಂಪಲ್ಲ, ಕಂದೂ ಅಲ್ಲ. ಈರುಳ್ಳಿ ಸಿಪ್ಪೆಯಲ್ಲಿ ಕುದಿಸಿದರೆ ಕಿತ್ತಳೆ ಹಣ್ಣಾಯಿತು. ಚಹಾದಲ್ಲಿ ಅದ್ದಿದರೆ ಆಸ್ಪತ್ರೆಯ ಗೋಡೆಯಾಯಿತು. ಶೆಡ್ಡಿನಲ್ಲಿ ಹಗ್ಗದುದ್ದಕ್ಕೂ ಒಣಗಲು ಹಾಕಿದ ತಪ್ಪು ಬಣ್ಣದ ಬಟ್ಟೆಗಳನ್ನು ನೋಡಿ, ಯಾವ ದೇಶದ ಬಾವುಟಗಳು ಎಂದು ಅಂಚೆಯವನು ಕೇಳಿದ. ಕೊನೆಗೊಂದು ದಿನ ಪಾತ್ರೆ ಸಾಲದೆ, ತಾಯಿಯ ಕಾಲದ ತುಕ್ಕು ಹಿಡಿದ ಕಬ್ಬಿಣದ ಕಡಾಯಿಯಲ್ಲಿ ಹಳೆಯ ಕೆಂಪು ಕಂಬಳಿಯ ತುಂಡು, ಈರುಳ್ಳಿ ಸಿಪ್ಪೆ, ವಿನೆಗರ್ ಎಲ್ಲ ಒಟ್ಟಿಗೆ ಹಾಕಿ, ರೇಡಿಯೋದಲ್ಲಿ ಐಸ್ ಹಾಕಿ ಪಂದ್ಯದ ವಿವರಣೆ ಕೇಳುತ್ತಾ ಮರೆತುಬಿಟ್ಟ. ಅಡುಗೆಯವನು ಒಲೆಯ ಮೇಲಿನದನ್ನು ಮರೆತದ್ದು ಹಡಗಿನಲ್ಲಾಗಿದ್ದರೆ ಅವನನ್ನೇ ಎತ್ತಿ ಸಮುದ್ರಕ್ಕೆ ಹಾಕುತ್ತಿದ್ದರು. ಇಲ್ಲಿ ಕಡಾಯಿಯಿಂದ ಬ್ರೈಟ್ ಎದ್ದು ಬಂದ. ಕೂದಲಿನ ಉಂಡೆಯನ್ನು ಒದ್ದೆ ಬಟ್ಟೆಯ ಮೇಲಿಟ್ಟರೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಹೊಂದಿತು.

ಬಣ್ಣ ಸಿಕ್ಕಿತು. ಇನ್ನು ಉಳಿದದ್ದು ಎತ್ತು ಬರೆಯುವುದು. ಅಲ್ಲಿ ಯಾವ ಕಡಾಯಿಯೂ ನೆರವಿಗೆ ಬರಲಿಲ್ಲ. ಗೋಣಿಬಟ್ಟೆಯ ಮೇಲೆ ಇದ್ದಿಲಲ್ಲಿ ಎರಡು ಎತ್ತು ಬರೆದು ಮಿಸೆಸ್ ನಿಕಲ್‌ಗೆ ತೋರಿಸಿದ.

"ಸೋಫಾ ಸೆಟ್ಟಾ?" ಎಂದರು.

"ಎತ್ತುಗಳು."

"ಹಾಗಾದ್ರೆ ಕೊಂಬು ದೊಡ್ಡದು ಮಾಡು. ಕೊಂಬಿದ್ರೆ ಜನ ಅರ್ಥ ಮಾಡ್ಕೋತಾರೆ. ಈ ಎತ್ತಿಗೆ ಕಾಲು ಯಾಕೆ ಐದಿದೆ?"

"ಒಂದು ಬಾಲ."

"ನೆಲ ಮುಟ್ಟಿಸಬೇಡ ಮಾರಾಯ."

ಬೇಸಿಗೆಯ ಹೊತ್ತಿಗೆ ಹಾಸು ಮುಗಿಯಿತು. ಎತ್ತುಗಳು ಇನ್ನೂ ಸೋಫಾಗಳೇ, ಆದರೆ ಭಾರೀ ಕೊಂಬಿನ ಸೋಫಾಗಳು. ಲಾರ್ನ್‌ಗೆ ಕೊಡುವ ಮುನ್ನ ಪ್ರದರ್ಶನಕ್ಕಿಟ್ಟರೆ ಅದಕ್ಕೊಂದು ಬಹುಮಾನದ ರಿಬ್ಬನ್ ಪಟ್ಟಿ ಅಂಟಿರುತ್ತದೆ, ಆಗ ಕೊಡಲು ಗೌರವ ಎಂದು ಎಲ್ಡನ್ ಲೆಕ್ಕ ಹಾಕಿದ. ಅರ್ಡಿತ್ ಜೊತೆಗೆ ಬರುತ್ತೇನೆಂದರೂ ಬೇಡವೆಂದು ಒಬ್ಬನೇ ಹೊರಟ. ಕಲಾವಿದ ತನ್ನ ಕೃತಿಯನ್ನು ತಾನೇ ಒಯ್ಯಬೇಕಲ್ಲವೇ? ಕಲಾವಿದ ತನ್ನ ಕಿವಿಯ ಯಂತ್ರವನ್ನು ಮಾತ್ರ ಮನೆಯಲ್ಲೇ ಮರೆತಿದ್ದ.

ಮೇಜಿನ ಹಿಂದೆ ಕೂತಿದ್ದ ಹೆಂಗಸು ಹಾಸನ್ನು ಬಿಡಿಸಿ ನೋಡಿ ಮುಖ ಅರಳಿಸಿದಳು. "ಅಯ್ಯೋ, ಎಷ್ಟು ಮುದ್ದಾಗಿದೆ! ಮಕ್ಕಳ ವಿಭಾಗಕ್ಕಾ?"

ಮೂವತ್ತು ವರ್ಷ ಎಂಜಿನ್ನಿನ ಪಕ್ಕ ಕಳೆದ ಅವನ ಕಿವಿಗೆ ಬಿದ್ದದ್ದು, ಮ್ಯಾಟ್‌ಗಳ ವಿಭಾಗಕ್ಕಾ ಎಂದು.

"ಮತ್ತಿನ್ನೇನು!" ಎಂದ ಎಲ್ಡನ್.

"ಹೆಸರು?"

"ಎಲ್ಡನ್."

"ಎಲ್ಡನ್‌ಗೆ ಹೇಳಿ, ತುಂಬಾ ಚೆನ್ನಾಗಿದೆ ಅಂತ."

"ಹೇಳ್ತೀನಿ," ಎಂದ, ಇವಳೆಂಥ ವಿನಯದಿಂದ ಮಾತಾಡುತ್ತಾಳೆ ಎಂದುಕೊಂಡು.

ಪ್ರದರ್ಶನ ಶುರುವಾದ ದಿನ ಗುರುವಾರದ ಗುಂಪೆಲ್ಲ ಒಟ್ಟಾಗಿ ಹೋಯಿತು. ಮಿಸೆಸ್ ನಿಕಲ್ ಅವರ ಕೋಳಿಯ ನೆಲಹಾಸಿಗೆ ಎಂದಿನಂತೆ ಮೊದಲ ಬಹುಮಾನದ ಕೆಂಪು ಪಟ್ಟಿ. ಅರ್ಡಿತ್‌ಳ ದೀಪಸ್ತಂಭಕ್ಕೆ ಎರಡನೆಯದು. ಎತ್ತುಗಳು ಎಲ್ಲೂ ಇಲ್ಲ. ಎಲ್ಡನ್ ಸಾಲನ್ನು ಎರಡು ಸಲ ಸುತ್ತಿದ.

"ಕದ್ದಿದ್ದಾರೆ," ಎಂದ.

"ಏನನ್ನ?"

"ನನ್ನ ಮ್ಯಾಟ್ ಕಣೇ. ಯಾರೋ ಸಂಗ್ರಹ ಮಾಡೋರು ಬಂದಿರ್ಬೇಕು. ಅಮೆರಿಕದ ಕಡೆಯೋರು. ಅವ್ರಿಗೆ ಇಂಥದ್ದರ ಬೆಲೆ ಗೊತ್ತಿರುತ್ತೆ."

ಅರ್ಡಿತ್ ಗಂಡನನ್ನು ಕರುಣೆಯಿಂದ ನೋಡಿ ಹುಡುಕಲು ಹೋದಳು. ಬಹಳ ಹೊತ್ತಾಗಲಿಲ್ಲ. ವಾಪಸ್ ಬಂದಾಗ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. "ಬಾ. ಸಿಕ್ತು," ಎಂದಷ್ಟೇ ಹೇಳಲಾಯಿತು ಅವಳಿಗೆ.

ಮೊಟ್ಟೆಯ ಟ್ರೇಯಲ್ಲಿ ಮಾಡಿದ ಆಮೆಗೂ ಪಾಸ್ತಾ ಅಂಟಿಸಿದ ಕನ್ನಡಿಗೂ ನಡುವೆ ಬ್ರೈಟ್ ಮತ್ತು ಲಯನ್ ತೂಗುತ್ತಿದ್ದವು. ಅಂಚಿಗೆ ಮೂರನೇ ಬಹುಮಾನದ ಬಿಳಿ ಪಟ್ಟಿ. ಪಕ್ಕದಲ್ಲಿ ತೀರ್ಪುಗಾರರ ದುಂಡು ಅಕ್ಷರದ ಚೀಟಿ: "ಬಣ್ಣಗಳು ತುಂಬಾ ಸೊಗಸಾಗಿವೆ, ಪುಟ್ಟ! ಪ್ರಾಣಿಗಳ ಕಾಲು ಹೇಗಿರುತ್ತವೆ ಎಂದು ಗಮನಿಸಿ ನೋಡು. ಕಲಿಯುತ್ತಾ ಹೋಗು."

ಗುರುವಾರದ ಗುಂಪು ಸುತ್ತ ನೆರೆಯಿತು. ಮೊದಲು ನಕ್ಕವರು ಯಾರೆಂಬುದು ಈಗಲೂ ಇತ್ಯರ್ಥವಾಗಿಲ್ಲ, ಆದರೆ ಕೊನೆಗೆ ಮಿಸೆಸ್ ನಿಕಲ್ ಅವರನ್ನು ಕುರ್ಚಿ ತಂದು ಕೂರಿಸಬೇಕಾಯಿತು. ಎಲ್ಡನ್ ಚೀಟಿಯನ್ನು ಇನ್ನೊಮ್ಮೆ ಓದಿದ. ಮೊದಲು ನಾಚಿಕೆ, ಆಮೇಲೆ, ಅವನಿಗೇ ಆಶ್ಚರ್ಯವಾಗುವಂತೆ, ಒಂದು ಸಣ್ಣ ಸಂತೋಷ. ಮೂರನೇ ಬಹುಮಾನ ಅಂದರೆ ಮೂರನೇ ಬಹುಮಾನವೇ. ಹತ್ತು ಹದಿನೈದು ಮಕ್ಕಳನ್ನಂತೂ ಹಿಂದೆ ಹಾಕಿದ್ದ.

ಆ ಸಂತೋಷಕ್ಕೂ ಆಯುಸ್ಸಿರಲಿಲ್ಲ. ಪಕ್ಕದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ತನ್ನ ಕೆಂಪು ಪಟ್ಟಿಯ ಹಾಸಿನ ಕೆಳಗೆ ಕಾವಲು ನಿಂತಿದ್ದಳು. ಅವಳದೂ ಕೋಳಿ, ಕೋಳಿಯ ಹಾಗೇ ಇತ್ತು.

"ನನ್ನ ತಮ್ಮಂಗೆ ನಾಲ್ಕನೇದು ಬಂತು," ಎಂದಳು ಎಲ್ಡನ್‌ಗೆ. "ನಾಲ್ಕನೇದಕ್ಕೆ ಪಟ್ಟಿ ಕೊಡಲ್ಲ. ಅವ್ನು ಬೆಳಗ್ಗೆಯಿಂದ ಅಳ್ತಿದ್ದಾನೆ. ಯಾರೋ ಎಲ್ಡನ್ ಅಂತೆ, ಅವ್ನಿಗೆ ಕೊಟ್ಬಿಟ್ರು."

ಎಲ್ಡನ್ ಊರುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಆ ಎಲ್ಡನ್ ನಾನೇ ಕಣಮ್ಮ."

ಹುಡುಗಿ ಅವನನ್ನು ಬೂಟಿನಿಂದ ಬೋಳುತಲೆಯವರೆಗೆ ಅಳೆದಳು. "ನಿಮ್ಗೆ ಎಷ್ಟು ವಯಸ್ಸು?"

"ಅರವತ್ತೇಳು."

"ಹಾಗಾದ್ರೆ ಕಾಲು ಸರಿಯಾಗಿ ಬರ್ಬೇಕಿತ್ತು."

"ಬರ್ಬೇಕಿತ್ತು," ಎಂದು ಎಲ್ಡನ್ ಒಪ್ಪಿಕೊಂಡ.

"ಕುಣಿಕೆನೂ ಬಿಗಿ ಎಳ್ದಿದ್ದೀರ. ಅದಕ್ಕೇ ಮ್ಯಾಟ್ ಸುರುಳಿ ಸುತ್ಕೋತಿದೆ. ಮೆತ್ತಗೆ ಎಳೀಬೇಕು. ನಮ್ಮಜ್ಜಿ ಹೇಳಿಕೊಟ್ಟಿದ್ದು."

ಮೇಜಿನ ಹೆಂಗಸು ಓಡಿಬಂದು ನೂರು ಸಲ ಕ್ಷಮೆ ಕೇಳಿದಳು. ಅವಳ ತಪ್ಪೇನಿಲ್ಲ, ತನ್ನ ಕಿವಿಯದು, ಆ ಎತ್ತಿನ ಕಾಲುಗಳದು ಮತ್ತು ಒಟ್ಟಾರೆ ತನ್ನದು ಎಂದು ಎಲ್ಡನ್ ಸಮಾಧಾನ ಹೇಳಿದ. ಬಿಳಿ ಪಟ್ಟಿ ಬಿಚ್ಚಿ, ಹೊರಗೆ ಬೇಲಿಯ ಬಳಿ ಮೂಗು ಸುರಿಸಿಕೊಂಡು ಕೂತಿದ್ದ ಪುಟ್ಟ ಹುಡುಗನ ಅಂಗಿಗೆ ಚುಚ್ಚಿದ. ಹುಡುಗ ಅಳು ನಿಲ್ಲಿಸಿ, ಇದು ನಿಮ್ದು ಬಹುಮಾನ ಅಲ್ವಾ ಎಂದು ಕೇಳಿದ. "ಮುಂದಿನ ವರ್ಷ ನಿನ್ನ ಸೋಲಿಸ್ತೀನಿ," ಎಂದು ಎಲ್ಡನ್ ಹೆದರಿಸಿದ.

ಒಳಗೆ ಬಂದರೆ ಲಾರ್ನ್ ನಿಂತಿದ್ದ.

ಲಯನ್‌ಗೆ ಬೇರೆ ಊರಿನ ಎತ್ತನ್ನು ಜೋಡಿ ಕಟ್ಟಿ ಆ ದಿನ ಸ್ಪರ್ಧೆಗೆ ಇಳಿದಿದ್ದ. ಎರಡೂ ಒಂದೊಂದು ಕಡೆ ಎಳೆದು, ಕಲ್ಲು ಹೇರಿದ ಬಂಡಿ ಅಲ್ಲಾಡಲಿಲ್ಲವಂತೆ. ಮೈಯೆಲ್ಲ ಧೂಳು, ಕೊಟ್ಟಿಗೆಯ ವಾಸನೆ. ಎಲ್ಡನ್‌ನ ಹಾಸಿನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಗುಂಪಿನ ನಗು ನಿಂತಿತ್ತು. ಎಲ್ಡನ್‌ಗೆ ಅಲ್ಲೇ ಆಮೆಯ ಹಿಂದೆ ಅಡಗಿಕೊಳ್ಳಬೇಕೆನಿಸಿತು. ಸತ್ತ ಜೀವವೊಂದನ್ನು ತೆಗೆದುಕೊಂಡು ಊರಿನ ನಗೆಪಾಟಲು ಮಾಡಿದೆನಲ್ಲ ಎಂಬ ಯೋಚನೆ ಅವನಿಗೆ ಬಂದದ್ದು ಆಗಲೇ, ಮೊದಲ ಬಾರಿಗೆ.

"ಲಾರ್ನ್, ಅದು..." ಎಂದು ಶುರುಮಾಡಿದ.

"ಎಡಗಡೆಯದು ಬ್ರೈಟು," ಎಂದ ಲಾರ್ನ್.

ಮಿಸೆಸ್ ನಿಕಲ್ ಕೇಳಿದರು, "ಹೇಗಪ್ಪ ಗೊತ್ತಾಯ್ತು?"

"ಬಣ್ಣ." ಲಾರ್ನ್ ಬೆರಳಿನ ಹಿಂಬದಿಯಿಂದ ಉಣ್ಣೆಯನ್ನು ಮುಟ್ಟಿದ, ಎತ್ತಿನ ಬೆನ್ನು ಸವರುವ ಹಾಗೆ. "ಕಾಲು ಯಾರದ್ದೋ ಗೊತ್ತಿಲ್ಲ. ಬಣ್ಣ ಅವನದೇ." ಕೈಯನ್ನು ಅಲ್ಲೇ ಇಟ್ಟುಕೊಂಡು ಮತ್ತೆ ಹೇಳಿದ, "ಮಳೇಲಿ ನೆನೆದು ಒಣಗಿದ ಮೇಲೆ ಹೀಗೇ ಕಾಣ್ತಿದ್ದ."

ಲಾರ್ನ್ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ.

"ನಿನಗೇ ಅಂತ ಮಾಡಿದ್ದು," ಎಂದ ಎಲ್ಡನ್. "ಬಹುಮಾನದ ಸಮೇತ ಕೊಡೋಣ ಅಂತಿದ್ದೆ. ಅದೀಗ ಒಬ್ಬ ಆರು ವರ್ಷದೋನ ಹತ್ರ ಇದೆ."

ಲಾರ್ನ್ ಟೋಪಿ ಹಾಕಿಕೊಂಡು ಹೊರಟ. ಬಾಗಿಲ ಹತ್ತಿರ ತಿರುಗಿ, "ಬಾಚಣಿಗೆಯಿಂದ ಕೂದಲು ಕಿತ್ಕೊಂಡಿದ್ದು ನೋಡ್ದೆ. ತಲೆ ಕೆಟ್ಟಿದೆ ಅಂದ್ಕೊಂಡೆ," ಎಂದ.

ಪ್ರದರ್ಶನ ಮುಗಿದ ಮೇಲೆ ಎಲ್ಡನ್ ಹಾಸನ್ನು ಕಂದು ಕಾಗದದಲ್ಲಿ ಸುತ್ತಿ ರಸ್ತೆಯಾಚೆ ಕೊಟ್ಟುಬಂದ. ಲಾರ್ನ್ ಅದನ್ನು ಎಲ್ಲಿ ತೂಗುಹಾಕುತ್ತಾನೆ ಎಂಬ ಕುತೂಹಲ ಅವನನ್ನು ವಾರವಿಡೀ ಕೊರೆಯಿತು. ಮುಂಬಾಗಿಲ ಕೋಣೆಯ ಗೋಡೆ ಖಾಲಿ ಇದೆ, ಬೆಳಕೂ ಚೆನ್ನಾಗಿ ಬರುತ್ತದೆ ಎಂದು ಅರ್ಡಿತ್‌ಗೆ ಹೇಳುತ್ತಲೇ ಇದ್ದ. ತಡೆಯಲಾರದೆ, ಉಪ್ಪುಮೀನಿನ ಪಲ್ಯ ಕೊಡುವ ನೆಪ ಮಾಡಿಕೊಂಡು ಹೋದ.

ಗೋಡೆಯ ಮೇಲೇನೂ ಇರಲಿಲ್ಲ. ಅಡುಗೆಮನೆಯ ಬಾಗಿಲು ದಾಟುವಲ್ಲಿ, ಒಲೆಯ ಮುಂದೆ, ನೆಲದ ಮೇಲೆ ಬ್ರೈಟ್ ಮತ್ತು ಲಯನ್ ಬಿದ್ದಿದ್ದವು. ಲಯನ್‌ನ ಕೊಂಬಿನ ಮೇಲೆ ಆಗಲೇ ಕೆಸರಿನ ಬೂಟಿನ ಗುರುತು. ಎಲ್ಡನ್ ಹೊಸ್ತಿಲಲ್ಲಿ ನಿಂತ. ಸುತ್ತಿಕೊಂಡು ಹೋಗಲು ಜಾಗವಿಲ್ಲ, ಹಾರಲು ಸೊಂಟವಿಲ್ಲ. ಪಲ್ಯದ ಬಟ್ಟಲು ಒಂದು ಕೈಲಿ, ಊರುಗೋಲು ಇನ್ನೊಂದು ಕೈಲಿ, ಒಂದು ಕಾಲು ಗಾಳಿಯಲ್ಲೆತ್ತಿ ಬಾತುಕೋಳಿಯಂತೆ ಓಲಾಡಿದ.

"ಏನ್ ಮಾಡ್ತಿದ್ದೀಯ?" ಎಂದ ಲಾರ್ನ್, ಕೆಟಲ್ ಒಲೆಗಿಡುತ್ತಾ.

"ತುಳೀಬೇಕಾಗುತ್ತಲ್ಲೋ."

"ತುಳಿ ಮತ್ತೆ. ಮ್ಯಾಟ್ ತಾನೇ? ಬೆಳಗ್ಗೆ ಎದ್ದು ಬರಿಗಾಲಲ್ಲಿ ಅದರ ಮೇಲೆ ನಿಂತ್ಕೊಂಡು ಚಹಾ ಮಾಡ್ತೀನಿ. ಬೆಚ್ಚಗಿರುತ್ತೆ."

ಎಲ್ಡನ್ ಮೆಲ್ಲಗೆ ಕಾಲಿಟ್ಟ. ಕಾಲಡಿ ಮೆತ್ತಗಿತ್ತು, ಒಂದು ಮೂಲೆ ಮಾತ್ರ ಸುರುಳಿ ಸುತ್ತಿಕೊಂಡಿತ್ತು. ಇನ್ನೊಂದು ಕಾಲನ್ನೂ ಇಟ್ಟು, ಬಟ್ಟಲನ್ನು ಲಾರ್ನ್‌ನ ಕೈಗೆ ಕೊಟ್ಟು, ಚಹಾ ಆಗುವವರೆಗೂ ಅಲ್ಲೇ ನಿಂತಿದ್ದ.